ಮೂರು ಬೆಳಗ್ಗೆ ಒಂದೇ ತೂಕ

ಪ್ರೀತಿಯ ಮಾಷ್ಟ್ರೇ,

ತಮ್ಮ ಶಾಲೆಯ ಲ್ಯಾಬಿನ ಅಟೆಂಡರನು, ಸಕಲ ಶೀಶೆಗಳ ಪಾಲಕನು, ಒಡೆದ ಗಾಜಿನ ನಳಿಗೆಗಳ ಏಕೈಕ ಕಾರಣಕರ್ತನು ಮಾಡುವ ವಿಜ್ಞಾಪನೆ. ನೀವಿದ್ದರೆ ಇಷ್ಟಕ್ಕೇ "ಸಾಕು ಮಾರಾಯ, ವಿಷಯಕ್ಕೆ ಬಾ" ಎನ್ನುತ್ತಿದ್ದಿರಿ. ಈಗ ಹಾಗೆ ಹೇಳುವವರು ಯಾರೂ ಇಲ್ಲ. ಎಷ್ಟು ಬೇಕಾದರೂ ಎಳೆಯಬಹುದು. ಅದೇ ಕಷ್ಟ.

ಅವತ್ತು ಬಂದ್ಯೋಡಿನ ಬಸ್ಸಿಳಿದು ಬಂದ ನೀವು ಕೊಡೆ ಮಡಚುವ ಮೊದಲೇ ಒಂದು ಸುದ್ದಿ ಹೇಳಿದ್ದಿರಿ. ಉಪ್ಪು ದ್ರವವಾಗಲು ಒಂದೋ ನೀರು ಬೇಕು, ಇಲ್ಲವೇ ಕೆಂಡದಂಥ ಬಿಸಿ ಬೇಕು. ಎರಡೂ ಇಲ್ಲದೆ ಕೋಣೆಯ ಶಾಖದಲ್ಲೇ ಎಣ್ಣೆಯಂತೆ ಹರಿಯುವ ಉಪ್ಪೊಂದು ಉಂಟು ಎಂದು ಎಲ್ಲೋ ಓದಿದ್ದಿರಿ. ಅದನ್ನು ಮಾಡಬೇಕು, ಅದರಲ್ಲಿ ಲೋಹದ ತಗಡು ಅದ್ದಿ ಕರೆಂಟು ಹಾಯಿಸಿ ನೋಡಬೇಕು ಎಂಬ ಆಸೆ ನಿಮಗೆ. ಅಮೀನ್ ಎಂಬ ಮೀನು ನಾರುವ ದ್ರಾವಣಕ್ಕೆ ನೀವು ನೈಟ್ರಿಕ್ ಆಮ್ಲವನ್ನು ಹನಿಹನಿಯಾಗಿ ಬಿಡುವಾಗ ತಣ್ಣೀರಿನ ಬೋಗುಣಿ ಹಿಡಿದು ಕೂತವನು ನಾನು. ಹೆಡ್‌ಮಾಷ್ಟ್ರು ಮೂಗು ಮುಚ್ಚಿಕೊಂಡು ಕಿಟಕಿಯಲ್ಲಿ ಇಣುಕಿದರು.

"ಮೀನು ಪೇಟೆ ಇಲ್ಲಿಗೇ ಬಂತಾ? ಅದರಲ್ಲಿ ನೀರಿಲ್ಲ ಅಂತ ಎಂತ ಗ್ಯಾರಂಟಿ?"

"ತೂಕ," ಎಂದಿರಿ. ತೇವ ಹೀರುವ ಆಮ್ಲದ ಮೇಲೆ, ಮುಚ್ಚಿದ ಗಾಜಿನ ಜಾಡಿಯಲ್ಲಿ ಈ ಉಪ್ಪಿನ ಬಟ್ಟಲಿಟ್ಟರೆ ನೀರಿರುವ ತನಕ ತೂಕ ಇಳಿಯುತ್ತದೆ. ಮೂರು ಬೆಳಗ್ಗೆ ಒಂದೇ ತೂಕ ಬಂದರೆ ಉಳಿದದ್ದು ಬರೀ ಉಪ್ಪು.

ಎರಡು ಬೆಳಗ್ಗೆ ಒಂದೇ ತೂಕ ಬಂದಿತ್ತು, ನೆನಪುಂಟಾ? ಆ ಸಂಜೆ ನೀವು ಬಸ್ಸಿಗೆ ಓಡಿದ ಮೇಲೆ ಜಾಡಿ ತೆರೆದು ಬಟ್ಟಲಿಗೆ ಎರಡು ಹನಿ ನೀರು ಹಾಕಿದವನು ನಾನು ಮಾಷ್ಟ್ರೇ.

"ಎಂತ ಮಾರಾಯ, ತೂಕ ಏರಿದ್ದು?" ಎಂದು ಮರುದಿನ ತಕ್ಕಡಿಯ ಮುಂದೆ ಕೂತು ನೀವು ಕೇಳಿದಾಗ, ಪುರೋಹಿತನ ಮುಖ ಮಾಡಿಕೊಂಡು ಹೇಳಿದೆ: "ಸಮುದ್ರದ ಗಾಳಿ ಮಾಷ್ಟ್ರೇ. ಆಟಿ ತಿಂಗಳ ಮಳೆಗಾಳಿಗೆ ಹಪ್ಪಳವೇ ಮೆತ್ತಗಾಗ್ತದೆ, ಮತ್ತೆ ಈ ಉಪ್ಪು ಯಾವ ಲೆಕ್ಕ!" ನೀವು ನಂಬಿಬಿಟ್ಟಿರಿ. ಪಡುವಣ ಕಿಟಕಿಗಳಿಗೆಲ್ಲ ಗೋಣಿ ಹೊಡೆದೆವು. ಜಾಡಿಯ ಮುಚ್ಚಳಕ್ಕೆ ವ್ಯಾಸಲೀನು ಮೆತ್ತಿದೆವು. "ಹತ್ತಿರ ನಿಂತು ಮಾತಾಡಬೇಡ, ಉಸಿರಲ್ಲಿ ನೀರು ಉಂಟು" ಎಂದಿರಿ. ಹೆಗಲ ಬೈರಾಸನ್ನು ಬಾಯಿಗೆ ಕಟ್ಟಿಕೊಂಡು ನಾನು ಒಳಗೊಳಗೇ ನಗುತ್ತಿದ್ದೆ. ಸಂಜೆಯಾದರೆ ಮತ್ತೆ ಎರಡು ಹನಿ.

ಶನಿವಾರ ಹೇಳಿಬಿಟ್ಟು ಇಬ್ಬರೂ ಸೇರಿ ನಗುವುದೆಂದಿದ್ದೆ. ಶುಕ್ರವಾರವೇ ಹೆಡ್‌ಮಾಷ್ಟ್ರು ಉಳಿದ ಮಾಷ್ಟ್ರುಗಳನ್ನೆಲ್ಲ ಕರೆದುಕೊಂಡು ಬಂದರು. ಗೋಣಿಗಳನ್ನು ನೋಡಿದರು. "ಇಡೀ ಅರಬ್ಬಿ ಸಮುದ್ರ ಎದುರಿಗಿಟ್ಟುಕೊಂಡು ನೀರಿಲ್ಲದ ಉಪ್ಪು ಹುಡುಕುವುದಾ ಮಾರಾಯ್ರೇ!" ಎಲ್ಲರೂ ನಕ್ಕರು. ನೀವೂ ಸ್ವಲ್ಪ ನಕ್ಕಿರಿ. ಅವರು ಹೋದ ಮೇಲೆ ಪುಸ್ತಕದಲ್ಲಿ "ನೀರು ಉಳಿದಿದೆ, ನನ್ನ ಕೈ ಸಾಲದು" ಎಂದು ಬರೆದು, ದ್ರವವನ್ನು ಶೀಶೆಗೆ ಸುರಿದು ಬಿರಡೆಗೆ ಮೇಣ ಹಚ್ಚಿದಿರಿ. ಆಗಲಾದರೂ ಹೇಳಬೇಕಿತ್ತು. ನಾನು ಕಿಟಕಿಯ ಗೋಣಿ ಕೀಳತೊಡಗಿದೆ. ತಿಂಗಳೊಳಗೆ ಜ್ವರ ನಿಮ್ಮನ್ನು ಒಯ್ದಿತು. ಜ್ವರದಲ್ಲಿ ಮಲಗಿಯೂ ನೀವು ಆ ತೂಕವನ್ನೇ ಯೋಚಿಸಿದಿರಾ?

ಇಲ್ಲಿ ಚಾ ಹೊತ್ತಿಗೆ ಇವತ್ತಿಗೂ ಗೋಣಿ ಕಿಟಕಿಯ ಕತೆ ನಡೆಯುತ್ತದೆ. ಒಮ್ಮೆ ಅವರ ಜೊತೆ ನಾನೂ ನಕ್ಕೆ. ಆ ದಿನವೇ ಶೀಶೆ ಇಳಿಸಿ, ಮೇಣ ಬಿಡಿಸಿ, ಬಟ್ಟಲಿಗೆ ಸುರಿದು ಜಾಡಿಯೊಳಗಿಟ್ಟೆ. ತೂಕ ಇಳಿಯಿತು, ಇಳಿಯಿತು, ನಿಂತಿತು. ಇವತ್ತಿಗೆ ಮೂರು ಬೆಳಗ್ಗೆ ಒಂದೇ ತೂಕ ಮಾಷ್ಟ್ರೇ! ಬಟ್ಟಲು ವಾಲಿಸಿದರೆ ಜೇನಿನಂತಲ್ಲ, ತೆಳ್ಳಗೆ, ಎಣ್ಣೆಯಂತೆ ಹರಿಯುತ್ತದೆ. ಎರಡು ತಾಮ್ರದ ತಗಡು ಅದ್ದಿ ಬ್ಯಾಟರಿಯ ತಂತಿ ಮುಟ್ಟಿಸಿದೆ. ಮೀಟರಿನ ಮುಳ್ಳು ಜಿಗಿದು ಅಲ್ಲೇ ನಿಂತಿತು. ಯಾರನ್ನು ಕರೆದು ತೋರಿಸಲಿ?

ನಾಳೆ ಚಾ ಹೊತ್ತಿಗೆ ಎಲ್ಲರನ್ನೂ ಲ್ಯಾಬಿಗೆ ಕರೆಯುತ್ತೇನೆ. ಮೊದಲು ತೂಕ ತೋರಿಸುವುದು, ಆಮೇಲೆ ಆ ಹನಿಗಳ ವಿಷಯ. ಕೆಲಸ ಹೋದರೆ ಹೋಗಲಿ. ಅದು ಮುಗಿದ ಮೇಲೆ ಬಂದ್ಯೋಡಿನ ಬಸ್ಸು ಹತ್ತಿ ನಿಮ್ಮ ಮನೆಗೆ ಹೋಗುತ್ತೇನೆ. ನಿಮ್ಮ ಮನೆಯವರು, ನನಗೆ ಅಕ್ಕ, ಯಾರು ಬಂದರೂ ಮೊದಲು ಬೆಲ್ಲ, ನೀರು ತಂದಿಡುವವರಲ್ಲವೇ. ನಾನು ಮುಟ್ಟುವುದಿಲ್ಲ. ಎಲ್ಲ ಹೇಳಿ ಮುಗಿಸಿದ ಮೇಲೂ ಅಕ್ಕ ಎತ್ತಿಕೊಂಡು ಹೋಗದೆ ಆ ನೀರಿನ ತಂಬಿಗೆ ನನ್ನ ಮುಂದೆಯೇ ಇದ್ದರೆ, ಕುಡಿಯುತ್ತೇನೆ.