ಕೊಬ್ಬರಿ ಅಟ್ಟದಿಂದ ಇಳಿದ ಪುಟ್ಟತಾಯಮ್ಮ

ಅಮ್ಮಾ,

ನೀನೀಗ ಇಲ್ಲ, ಓದಲಾರೆ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಇದನ್ನು ಇನ್ಯಾರಿಗೆ ಹೇಳಲಿ?

ನಿನ್ನ ಮೊಮ್ಮಗಳು ಜೀವಿತಾ ಬರೆದ ನಾಟಕವನ್ನು ಇವತ್ತು ತಿಪಟೂರಿನಲ್ಲಿ ಅವಳ ಕಾಲೇಜಿನವರು ಆಡಿದರು. ಮಹಾರಾಜರ ಕಾಲದಲ್ಲಿ ಹೆಂಗಸರಿಗೂ ಓಟು ಕೊಡಿ ಎಂದು ಹೋರಾಡಿದ ಪುಟ್ಟತಾಯಮ್ಮ ನಮ್ಮ ಕಾಲಕ್ಕೆ ಬರುವ ಕಥೆ. ಕಾಲಯಂತ್ರ ಯಾವುದು ಗೊತ್ತಾ? ನಮ್ಮನೆಯ ಕೊಬ್ಬರಿ ಅಟ್ಟ! ಕಾಯಿ ವರ್ಷವಿಡೀ ಅಟ್ಟದಲ್ಲಿ ಕೂತು ಕೊಬ್ಬರಿಯಾಗಿ ಇಳಿಯುವಂತೆ ಅವಳು ನೂರು ವರ್ಷ ಕೂತು ಇಳಿದಳು. ಇಳಿದವಳೇ ನೆಟ್ಟಗೆ ಮತಗಟ್ಟೆಗೆ ನಡೆದಳು. ಆ ಪಾತ್ರ ಜೀವಿತಾಳದೇ, ಉಟ್ಟಿದ್ದು ನಿನ್ನ ಹಸಿರು ಸೀರೆ.

ಬಾಗಿಲಲ್ಲಿ ಒಬ್ಬ ಅಡ್ಡ ನಿಂತ. "ಯಾರ್ಗ್ ಹಾಕ್ಬೇಕು ಅಂತ ಯಜಮಾನ್ರು ಹೇಳವ್ರಾ?"

"ಹೇಳವ್ರೆ ಕಣಪ್ಪ, ಕೇಳಿಸ್ಕಂಡಿದೀನಿ. ಈಗ ದಾರಿ ಬುಡು."

ಪ್ರತಿ ಚುನಾವಣೆಯ ಬೆಳಿಗ್ಗೆ ಅಪ್ಪನಿಗೆ ನೀನು ಹೇಳುತ್ತಿದ್ದೆಯಲ್ಲ, "ಕೇಳಿಸ್ಕಂಡೆ ಬುಡಿ" ಅಂತ, ಅದೇ ಗತ್ತು! ಹೆಂಗಸರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು. ಅವಳು ನನ್ನ ಮಗಳು ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದೆ. ನೀನು ನನ್ನ ಅಮ್ಮ ಎಂದೂ ಹೇಳಿದೆ.

ಅಪ್ಪ ಮಾತ್ರ ಚಪ್ಪಾಳೆ ನಿಲ್ಲಿಸಿ ನನ್ನ ಕಡೆ ಬಗ್ಗಿದರು.

"ಹಂಗಾದ್ರೆ ನಿಮ್ಮಮ್ಮ ಯಾರ್ಗ್ ಹಾಕ್ತಿದ್ಲೇ?"

ಗೊತ್ತಿದ್ದರೂ ನಾನು ಬಾಯಿ ಬಿಡುತ್ತಿರಲಿಲ್ಲ. ಆದರೆ ಗೊತ್ತಿಲ್ಲಮ್ಮ. ನಾನೂ ಒಂದು ದಿನವಾದರೂ ನಿನ್ನನ್ನು ಕೇಳಿರಲಿಲ್ಲ.