ರಾಹೇಲಳ ಪಾಲಿನ ರೊಟ್ಟಿ

೯ ಎಪ್ರಿಲ್ ೧೯೩೮, ಶನಿವಾರ

ಚರ್ಚಿನ ಕಸ ಹೊಡೆದದ್ದಾಯಿತು. ಚಾಪೆ ಜಾಡಿಸಿ ಬಿಸಿಲಿಗೆ ಹಾಕಿದೆ. ಉಪದೇಶಿಯೂ ನಾನೇ, ಮಿಶನ್ ಶಾಲೆಯ ಮಾಸ್ತರನೂ ನಾನೇ, ಕಸ ಹೊಡೆಯುವವನೂ ನಾನೇ. ಸವಣೂರಿನ ನಮ್ಮ ಸಭೆ ಅಷ್ಟೇ ದೊಡ್ಡದು. ನಾಳೆ ಬಿಟ್ಟು ಮುಂದಿನ ರವಿವಾರ ಈಸ್ಟರ್. ಹುಬ್ಬಳ್ಳಿಯಿಂದ ಪಾದ್ರಿಗಳು ಬಂದು ರೊಟ್ಟಿ ಮುರಿದು ಕರ್ತನ ಭೋಜನ ಕೊಡುತ್ತಾರೆ. ಮೂರು ತಿಂಗಳಿಗೊಮ್ಮೆ ಅದು.

ಮಧ್ಯಾಹ್ನ ಶಾರವ್ವ ಬಂದಿದ್ದಳು. ಎಲೆತೋಟದ ಉಳಿವೆಪ್ಪನ ಹೆಂಡತಿ. ಎಷ್ಟೋ ವರ್ಷದಿಂದ ರವಿವಾರ ತಪ್ಪಿಸಿಲ್ಲ. ಬಾಗಿಲ ಹತ್ತಿರದ ಚಾಪೆಯೇ ಅವಳ ಜಾಗ. ಕೀರ್ತನೆಗಳೆಲ್ಲ ಬಾಯಿಪಾಠ. ದೀಕ್ಷಾಸ್ನಾನ ಮಾತ್ರ ಆಗಿಲ್ಲ.

“ಮಾಸ್ತರ, ಈ ಸಲ ನನಗೂ ರೊಟ್ಟಿ ಕೊಡ್ರಿ.”

“ದೀಕ್ಷಾಸ್ನಾನ ಆಗದವರಿಗೆ ಕೊಡಾಕ ಬರಂಗಿಲ್ಲ, ಶಾರವ್ವ.”

“ಈಗ ನೀರು ಹಾಕಿಸ್ಕೊಂಡ್ರ ಮಗಳ ಲಗ್ನ ಮುರೀತೈತ್ರಿ. ಆಕೀದೊಂದು ಆಗ್ಲಿ, ಆಮ್ಯಾಲ ಎಲ್ಲಾ ಮಾಡ್ತೇನಿ. ಆದ್ರ ಹಸಿವು ಈಗ ಐತೆಲ್ರಿ?”

ಹಿರಿಯರನ್ನು ಕೇಳಿ ನೋಡುತ್ತೇನೆ ಎಂದೆ.

೧೪ ಎಪ್ರಿಲ್, ಗುರುವಾರ

ಸಭೆಯ ಹಿರಿಯರು ಮನೆಯಲ್ಲಿ ಕೂಡಿದ್ದರು. ಶಾರವ್ವನ ಮಾತು ತೆಗೆದೆ. ಬಡಗಿ ಯಾಕೋಬಪ್ಪ ಸಿಟ್ಟಾಗಲಿಲ್ಲ... ಸಿಟ್ಟಾಗಿದ್ದರೆ ಸುಲಭವಿತ್ತು.

“ನಾ ನೀರು ಹಾಕಿಸ್ಕೊಂಡು ಮನಿಗೆ ಹೋದಾಗ ನಮ್ಮವ್ವ ಬಾಗಿಲಾ ತೆಗೀಲಿಲ್ಲ ಮಾಸ್ತರ. ಹೊರಗಿಂದನ ಕುಡಿಯಾಕ ನೀರು ಕೇಳಿದೆ, ಕೊಡಲಿಲ್ಲ. ಆಕಿ ಸತ್ತಾಗ ಮಾರಿ ಸೈತ ನೋಡಗೊಡಲಿಲ್ಲ. ಈಕಿಗೆ ಎಲ್ಲಾ ಪುಗಸಟ್ಟೆ ಸಿಗಬೇಕೇನು?”

ಚಹಾ ತಂದಿದ್ದ ರಾಹೇಲ ಬಾಗಿಲಲ್ಲೇ ನಿಂತಳು. ನನ್ನ ಹೆಂಡತಿ ಹಿರಿಯರೆದುರು ಮಾತಾಡಿದ್ದು ಇದೇ ಮೊದಲು.

“ನಿಮ್ಮವ್ವ ನಿಮಗ ನೀರು ಕೊಡಲಿಲ್ಲ ಅಂತ ನಾವು ಶಾರವ್ವಗ ರೊಟ್ಟಿ ಕೊಡಬಾರದೇನ್ರಿ, ಯಾಕೋಬಪ್ಪಾರ?”

ಯಾಕೋಬಪ್ಪ ಚಹಾ ಮುಟ್ಟದೆ ಎದ್ದುಹೋದರು. ಕೊಡಕೂಡದು ಎಂದೇ ಹಿರಿಯರ ತೀರ್ಮಾನ.

“ನೀವ್ಯಾಕ ಬಾಯಿ ಬಿಡಲಿಲ್ಲ?” ರಾಹೇಲ ಆಮೇಲೆ ಕೇಳಿದಳು.

“ಇಬ್ಬರೂ ಖರೇನ ಹೇಳಾಕತ್ತಿದ್ರಿ.”

೧೭ ಎಪ್ರಿಲ್, ಈಸ್ಟರ್

ಆದದ್ದನ್ನು ಬರೆದುಬಿಡುತ್ತೇನೆ.

ಪಾದ್ರಿಗಳು ರೊಟ್ಟಿ ಮುರಿದರು. ತಟ್ಟೆ ಹಿಡಿದು ಸಾಲಿನ ಮುಂದೆ ನಡೆದೆ. ರಾಹೇಲ ತನ್ನ ತುಂಡು ತೆಗೆದುಕೊಂಡಳು. ತಿನ್ನಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದು ಬಾಗಿಲವರೆಗೆ ಹೋದಳು. ತುಂಡನ್ನು ಎರಡು ಮಾಡಿ ಅರ್ಧ ಶಾರವ್ವನ ಕೈಯಲ್ಲಿಟ್ಟಳು. ಇಬ್ಬರೂ ತಿಂದರು.

ಪಾದ್ರಿಗಳು ಮುಂದಿನ ಕೀರ್ತನೆ ಹೇಳಿದರು. ಶಾರವ್ವ ಒಬ್ಬಳೇ ಗಟ್ಟಿಯಾಗಿ ಹಾಡಿದಳು.

೧೮ ಎಪ್ರಿಲ್, ಸೋಮವಾರ

ಪಾದ್ರಿಗಳು ಒಳ್ಳೆಯವರು. ಆದರೂ ಶಿಸ್ತು ಶಿಸ್ತೇ ಎಂದರು. ಅವರು ಮತ್ತೆ ಬರುವ ತನಕ ರಾಹೇಲ ಸಭೆಯ ಲೆಕ್ಕಕ್ಕಿಲ್ಲ. ಬರುವ ರವಿವಾರ ಎಲ್ಲರ ಮುಂದೆ ಅದನ್ನು ಓದಬೇಕು. ಓದುವವನು ಉಪದೇಶಿ.

೨೪ ಎಪ್ರಿಲ್, ರವಿವಾರ

ಓದಿದೆ.

ಅವಳ ಹೆಸರು ಬಂದಾಗ ಸಾಲು ತಪ್ಪಿತು. ಎರಡನೇ ಸಲ ಸರಿಯಾಗಿ ಓದಿದೆ. ಅವಳು ನೆಟ್ಟಗೆ ಕೂತು ಕೇಳಿದಳು. ಯಾಕೋಬಪ್ಪ ತಲೆ ಎತ್ತಲಿಲ್ಲ. ಶಾರವ್ವ ನಡುವೆಯೇ ಎದ್ದುಹೋದಳು.

ಮನೆಯಲ್ಲಿ ರಾಹೇಲ ರೊಟ್ಟಿ ಬಡಿದಳು, ಬದನೆಕಾಯಿ ಪಲ್ಯ ಬಡಿಸಿದಳು.

“ಊಟ ಮಾಡ್ರಿ. ನಿಮ್ಮ ಕೆಲಸ ನೀವು ಮಾಡಿದ್ರಿ.”

ಬೈದಿದ್ದರೆ ಊಟ ಸೇರುತ್ತಿತ್ತೇನೋ.

೫ ಜೂನ್, ರವಿವಾರ

ಅಂದಿನಿಂದ ಶಾರವ್ವ ಬಂದಿಲ್ಲ. ಇವತ್ತು ನಾವಿಬ್ಬರೂ ಎಲೆತೋಟಕ್ಕೆ ಹೋದೆವು. ಅವಳು ಬಳ್ಳಿಯ ಮರೆಯಿಂದ ಹೊರಗೆ ಬರಲಿಲ್ಲ. ಉಳಿವೆಪ್ಪ ಮಾತಾಡಿದ.

“ಚರ್ಚಿಗೆ ಹೋಗ್ತಾಳಂತ ನಮ್ಮ ಮಂದಿ ನಗತಿದ್ರು. ತಡಕೊಂಡೆ. ಈಗ ನಿಮ್ಮ ಮಂದೀನೂ ಆಕೀನ್ನ ಹೊರಗ ಇಟ್ರು. ಮತ್ತ ಆಕಿ ಎಲ್ಲಿ ಹೋಗಬೇಕ್ರಿ?”

ರಾಹೇಲ ಅಂದಳು, “ನನ್ನೂ ಹೊರಗ ಇಟ್ಟಾರಣ್ಣ. ಬರಾಕ ಹೇಳ್ರಿ. ಇಬ್ಬರೂ ಕೂಡೇ ಕುಂದರ್ತೇವಿ.”

೧೭ ಜುಲೈ, ರವಿವಾರ

ನಸುಕಿನಿಂದ ಜಿಟಿಜಿಟಿ ಮಳೆ. ಪಾದ್ರಿಗಳು ತೊಯ್ದುಕೊಂಡೇ ಬಂದರು. ಶಾರವ್ವನೂ ಬಂದಳು. ರಾಹೇಲ ಅವಳ ಪಕ್ಕದಲ್ಲಿ, ಬಾಗಿಲ ಚಾಪೆಯ ಮೇಲೆ.

ಪಾದ್ರಿಗಳು ಶಿಸ್ತು ಮುಗಿಯಿತೆಂದು ಸಾರಿದರು. “ರಾಹೇಲಮ್ಮ, ಮುಂದೆ ಬನ್ನಿ.”

“ನಾವಿಬ್ಬರು ಅದೇವಿ ಅಯ್ಯನೋರ,” ಎಂದು ಅವಳು ಕೂತೇ ಇದ್ದಳು.

ಪಾದ್ರಿಗಳು ಮೇಜಿನ ಕಡೆ ತಿರುಗಿದರು. ಆಮೇಲೆ ರೊಟ್ಟಿ ಮುರಿದರು. ಸಾಲಿನವರಿಗೆಲ್ಲ ಹಂಚಿ ತಟ್ಟೆ ಮೇಜಿನ ಮೇಲಿಟ್ಟೆ. ನನ್ನ ತುಂಡು ಕೈಯಲ್ಲಿತ್ತು. ಬಾಯಿಗೆ ಇಡಲಾಗಲಿಲ್ಲ. ಬಾಗಿಲ ಕಡೆ ನಡೆದೆ.

“ಮಾಸ್ತರ...” ಯಾಕೋಬಪ್ಪ ಅಂದರು. ತಡೆಯುವ ದನಿಯೋ ಅಲ್ಲವೋ, ತಿರುಗಿ ನೋಡಲಿಲ್ಲ.

ಶಾರವ್ವ ಸರಿದು ಜಾಗ ಮಾಡಿದಳು. ಕೂತೆ. ತುಂಡು ತೀರ ಸಣ್ಣದು. ಮೂರು ಪಾಲು ಮಾಡಲು ಹೋದಾಗ ರಾಹೇಲ ನನ್ನ ಕೈ ಹಿಡಿದು ಮುರಿಸಿದಳು. ಮೂವರೂ ತಿಂದೆವು.