ಜೋಮಿಗೊಬ್ಬ ದುಭಾಷಿ

ದುಭಾಷಿ ಮಹಾರಾಣಿಯವರೇ,

ನಾವು ಮಾತು ಬಿಟ್ಟಿದ್ದೇವೆ, ಹಾಗಾಗಿ ಇದನ್ನು ಕಳಿಸುವುದಿಲ್ಲ. ಆದರೂ ಇವತ್ತಿನ ಸುದ್ದಿ ನಿನಗೆ ಹೇಳದಿದ್ದರೆ ತಿಂದದ್ದು ಅರಗುವುದಿಲ್ಲ.

ನನ್ನ ಕಾಲಿಗೆ ಮತ್ತೆ ಜೋಮು ಹಿಡಿಯಿತು. ಹೋದ ಸಲ ಇಲ್ಲಿನ ಕ್ಲಿನಿಕ್ಕಿನಲ್ಲಿ ಜೋಮಿಗೆ ಈ ಊರಿನವರ ಭಾಷೆಯ ಪದ ಹೊಳೆಯದೆ, ನೀನು "ಇವಳ ಕಾಲಲ್ಲಿ ಇರುವೆ ಹರಿದಾಡ್ತಿವೆ" ಎಂದುಬಿಟ್ಟಿದ್ದೆಯಲ್ಲ! ನರ್ಸಮ್ಮ ಪಾಪ, ನನ್ನ ಷೂ ಬಿಚ್ಚಿ ಕೊಡವಿದಳು. ಬಸ್ಸಿನಲ್ಲಿ ಬರುವಾಗ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗಿತ್ತು.

ಈಗ ನಮ್ಮ ಕಡೆಯ ಡಾಕ್ಟರಮ್ಮ ಫೋನಿನಲ್ಲೇ ಸಿಗುತ್ತಾರೆ. ವಿಡಿಯೊದಲ್ಲಿ "ಕಾಲು ಜೋಮು" ಎಂದೆ, ಅಷ್ಟೇ.

"ತುಂಬ ಹೊತ್ತು ಕೂತೇ ಇರ್ತೀರಾ?"

"ಹೊಲಿಗೆ ಕೆಲ್ಸ, ಮೇಡಂ."

"ಆಗಾಗ ಎದ್ದು ಓಡಾಡಿ. ಕಡಿಮೆಯಾಗದಿದ್ರೆ ಅಲ್ಲೇ ಒಮ್ಮೆ ತೋರಿಸಿ. ಗಾಬರಿ ಬೇಡ."

ಕನ್ನಡದಲ್ಲಿ "ಗಾಬರಿ ಬೇಡ" ಎಂದರೆ ಎಷ್ಟು ಹಾಯೆನಿಸುತ್ತದೆ ಗೊತ್ತಾ? ಅರ್ಧ ಕಾಯಿಲೆ ಅಲ್ಲೇ ಇಳಿಯಿತು.

ಕೊನೆಗೆ ಅವರೇ ಕೇಳಿದರು: "ನಿಮ್ಮ ಮುಖ ಅರ್ಧಾನೇ ಕಾಣ್ತಿದೆ. ಪಕ್ಕದಲ್ಲಿ ಯಾರಾದ್ರೂ ಇದ್ದಾರಾ? ಇಲ್ದಿದ್ರೆ ಸ್ವಲ್ಪ ಮಧ್ಯಕ್ಕೆ ಬನ್ನಿ."

ಆಗ ನೋಡಿಕೊಂಡೆ. ಅಷ್ಟು ದೊಡ್ಡ ಸೋಫಾದಲ್ಲಿ ನಿನ್ನ ಜಾಗ ಬಿಟ್ಟು ಅಂಚಿಗೆ ಕೂತಿದ್ದೆ.

"ಯಾರೂ ಇಲ್ಲ" ಎಂದೆ. ಆದರೆ ಸರಿದು ಕೂರಲಿಲ್ಲ. ಫೋನನ್ನೇ ನನ್ನ ಕಡೆ ತಿರುಗಿಸಿಕೊಂಡೆ.